ಸಹಿ ಹಾಕುವ ಮುನ್ನ ಪಾವತಿಯ ಷರತ್ತು ಓದಿ

ಓದುಗರ ಪತ್ರ: ನಮ್ಮದು ಪುಟ್ಟ ಸಮುದಾಯ ಸಂಸ್ಥೆ. ವಿಶ್ವವಿದ್ಯಾಲಯವೊಂದರ ಸಂಶೋಧನೆಯಲ್ಲಿ ಪಾಲುದಾರರಾಗಿದ್ದೇವೆ. ಕೆಲಸ ಶುರುವಾಗಿ ತಿಂಗಳುಗಳಾದರೂ ಹಣ ಬಂದಿಲ್ಲ, ಕಳಿಸಿದ ಬಿಲ್‌ಗಳೂ ವಾಪಸಾಗುತ್ತಿವೆ. ಏನು ಮಾಡಬೇಕು?

ಸಂಪಾದಕರ ಉತ್ತರ: ನಿಮ್ಮ ಒಪ್ಪಂದದಲ್ಲಿ ‘ಖರ್ಚಾದ ಮೇಲೆ ಮರುಪಾವತಿ’ ಎಂಬ ಷರತ್ತು ಇದೆಯೇ ನೋಡಿ. ಸಣ್ಣ ಸಂಸ್ಥೆಗಳ ಉಸಿರು ಕಟ್ಟುವುದು ಅಲ್ಲೇ. ತಿಂಗಳ ಖರ್ಚು 100 ಎಂದಿಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಬಿಲ್, ಆಮೇಲೆ 60 ದಿನಕ್ಕೆ ಪಾವತಿ ಎಂದಾದರೆ, ಮೊದಲ ಹಣ ಬರುವಷ್ಟರಲ್ಲಿ 500 ನಿಮ್ಮ ಕೈಯಿಂದ ಹೋಗಿರುತ್ತದೆ. ಪ್ರತಿ ತಿಂಗಳು ಬಿಲ್, 30 ದಿನಕ್ಕೆ ಪಾವತಿ ಎಂದು ಬರೆಸಿಕೊಂಡರೆ ಅದೇ 200ಕ್ಕೆ ಇಳಿಯುತ್ತದೆ. ಮುಂಗಡವನ್ನೂ ಕೇಳಿ. ಸಂಕೋಚಪಟ್ಟು ಸುಮ್ಮನಿದ್ದರೆ ತಾವಾಗಿ ಯಾರೂ ಕೊಡುವುದಿಲ್ಲ.

ಬಾಡಿಗೆ, ವಿದ್ಯುತ್, ಲೆಕ್ಕಪತ್ರ, ಆಡಿಟ್‌ನಂಥ ಪರೋಕ್ಷ ವೆಚ್ಚವನ್ನು ಬಿಟ್ಟುಕೊಡಬೇಡಿ. ಐರೋಪ್ಯ ಒಕ್ಕೂಟದ ಹೊರೈಜನ್ ಯುರೋಪ್ ಎಂಬ ಸಂಶೋಧನಾ ಅನುದಾನ ಯೋಜನೆ ಇದಕ್ಕೆಂದೇ ಅರ್ಹ ನೇರ ವೆಚ್ಚದ ಮೇಲೆ ಶೇ 25 ಕೊಡುತ್ತದೆ. ಅಮೆರಿಕದ ಫೆಡರಲ್ ಅನುದಾನದ ನಿಯಮದಲ್ಲಿ, ಸರ್ಕಾರದೊಂದಿಗಿನ ಮಾತುಕತೆಯಿಂದ ಗೊತ್ತುಪಡಿಸಿದ ಪರೋಕ್ಷ ವೆಚ್ಚದ ದರವಿಲ್ಲದ ಸಂಸ್ಥೆಗಳು ಕೇಳಬಹುದಾದ ಪ್ರಮಾಣ 2024ರ ಅಕ್ಟೋಬರ್‌ನಿಂದ ಶೇ 10ರಿಂದ 15ಕ್ಕೆ ಏರಿದೆ. ನಿಮ್ಮ ಅನುದಾನದ ನಿಯಮ ಏನೆನ್ನುತ್ತದೆ ಎಂದು ಬಜೆಟ್ ಬರೆಯುವಾಗಲೇ ಕೇಳಿ. ಆಮೇಲೆ ಸೇರಿಸುವುದು ಬಲು ಕಷ್ಟ.

ಬಿಲ್ ವಾಪಸಾಗಲು ಕಾರಣಗಳು ಹೆಚ್ಚೂಕಡಿಮೆ ಎಲ್ಲ ಕಡೆಯೂ ಅವೇ: ಒಪ್ಪಂದದ ಸಂಖ್ಯೆ ಇಲ್ಲ, ಖರ್ಚಿನ ದಿನಾಂಕ ಯೋಜನೆಯ ಅವಧಿಯ ಹೊರಗಿದೆ, ‘ಕ್ಷೇತ್ರ ವೆಚ್ಚ’ ಎಂದು ಎಲ್ಲವನ್ನೂ ಒಂದೇ ಸಾಲಿಗೆ ತುರುಕಲಾಗಿದೆ. ಸಂಬಳದ ವಿಷಯದಲ್ಲಂತೂ ಬಜೆಟ್‌ನಲ್ಲಿ ನೌಕರನ ಸಮಯದ ಶೇ 60 ಎಂದಿದೆಯೆಂದು ಪ್ರತಿ ತಿಂಗಳೂ ಅದನ್ನೇ ನಕಲು ಮಾಡಬಾರದು. ನಿಜವಾಗಿ ದುಡಿದ ಗಂಟೆಗಳನ್ನು ಬರೆದು, ನೌಕರ ಮತ್ತು ಮೇಲ್ವಿಚಾರಕ ಇಬ್ಬರೂ ಸಹಿ ಮಾಡಲಿ.

ಸಂಶೋಧನೆಯಲ್ಲಿ ಭಾಗವಹಿಸಿದವರಿಗೆ ಕೊಡುವ ಗೌರವಧನ ಇನ್ನೂ ಸೂಕ್ಷ್ಮ. ವಿಶ್ವವಿದ್ಯಾಲಯದ ಹಣಕಾಸು ವಿಭಾಗ ಹೆಸರು, ಸಹಿ ಕೇಳುತ್ತದೆ. ನೀವೋ ಗುಟ್ಟು ಕಾಯುವ ಮಾತು ಕೊಟ್ಟಿರುತ್ತೀರಿ. ಪ್ರತಿಯೊಬ್ಬರಿಗೂ ಸಂಕೇತ ಸಂಖ್ಯೆ ಕೊಟ್ಟು, ಹೆಸರಿನ ಪಟ್ಟಿಯನ್ನು ನಿಮ್ಮಲ್ಲೇ ಬೀಗದೊಳಗಿಟ್ಟು, ಸಂಖ್ಯೆ, ದಿನಾಂಕ, ಮೊತ್ತ ಮಾತ್ರ ಕಳಿಸುವ ಕ್ರಮವನ್ನು ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಸಲ್ಲಿಸುವ ಅರ್ಜಿಯಲ್ಲೇ ಬರೆಸಿ. ಹಣಕಾಸು ವಿಭಾಗದ ಲಿಖಿತ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ.

ಪ್ರಾಧ್ಯಾಪಕರು ‘ಪರವಾಗಿಲ್ಲ, ಖರ್ಚು ಮಾಡಿ’ ಎಂದರೆ ಅದು ಅನುಮತಿಯಲ್ಲ. ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಬಳಸುವ ಮುನ್ನ, ಒಪ್ಪಂದಕ್ಕೆ ಸಹಿ ಹಾಕಿದ ಕಚೇರಿಯಿಂದಲೇ ಪತ್ರ ಬರಬೇಕು.

ಸದ್ಯಕ್ಕೆ, ವಾಪಸಾದ ಎಲ್ಲ ಬಿಲ್‌ಗಳ ಆಕ್ಷೇಪಣೆಗಳನ್ನು ಒಂದೇ ಬಾರಿಗೆ ಬರೆದುಕೊಡುವಂತೆ ಹಣಕಾಸು ವಿಭಾಗವನ್ನು ಕೇಳಿ. ತಕರಾರಿಲ್ಲದ ಸಾಲುಗಳನ್ನು ಬೇರೆ ಬಿಲ್ ಮಾಡಿ ಕೂಡಲೇ ಕಳಿಸಿ. ಒಂದು ರಸೀದಿಯ ಜಗಳಕ್ಕೆ ಇಡೀ ತಿಂಗಳ ಸಂಬಳ ನಿಲ್ಲುವುದು ಬೇಡ.