ಪ್ರತಿ: ಪೆನ್‌ಡ್ರೈವ್ ಅನ್‌ಮೌಂಟ್ ಆಗ್ತಿಲ್ಲ, ‘ಬ್ಯುಸಿ’ ಅಂತಿದೆ

ಕಾಪಿ ಮುಗಿದರೂ ಉಬುಂಟುನಲ್ಲಿ (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಪೆನ್‌ಡ್ರೈವ್ ಕಳಚೋ ‘ಯುಮೌಂಟ್’ (umount) ಕಮಾಂಡ್ ಕೊಟ್ಟಾಗ ‘ಟಾರ್ಗೆಟ್ ಈಸ್ ಬ್ಯುಸಿ’ ಅಂತ ಬರುತ್ತದೆ ಅಂದಿರಲ್ಲ, ಮೊದಲು ನಿಮ್ಮ ಟರ್ಮಿನಲ್ (ಕಮಾಂಡ್ ಟೈಪ್ ಮಾಡೋ ವಿಂಡೋ) ಯಾವ ಫೋಲ್ಡರಿನಲ್ಲಿದೆ ನೋಡಿ. ಪೆನ್‌ಡ್ರೈವ್ ಒಳಗೇ ಇದ್ದುಕೊಂಡು ಅದನ್ನು ಅನ್‌ಮೌಂಟ್ ಮಾಡೋದು ಕೂತ ಕೊಂಬೆಯನ್ನೇ ಕಡಿದ ಹಾಗೆ. ಬರೀ ‘ಸಿಡಿ’ (cd) ಅಂತ ಹೊಡೆದು ಹೊರಗೆ ಬನ್ನಿ, ಜಾಸ್ತಿ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಆಗಲಿಲ್ಲವಾ? ‘ಸುಡೋ ಫ್ಯೂಸರ್ -ವಿಎಂ’ (sudo fuser -vm) ಕೊಟ್ಟು, ಮುಂದೆ ಪೆನ್‌ಡ್ರೈವ್ ಮೌಂಟ್ ಆದ ಜಾಗದ, ಅಂದರೆ ಅದು ತೆರೆದುಕೊಳ್ಳೋ ಫೋಲ್ಡರಿನ, ಪಾತ್ ಹಾಕಿ. ಯಾವ ಪ್ರೋಗ್ರಾಂ ಹಿಡಿದುಕೊಂಡಿದೆ ಅಂತ ಪಿಐಡಿ (ಆ ಪ್ರೋಗ್ರಾಂನ ನಂಬರ್) ಸಮೇತ ತೋರಿಸುತ್ತದೆ. ಅದನ್ನು ಮುಚ್ಚಿ.

‘ಯುಮೌಂಟ್ -ಎಲ್’ (umount -l) ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಫೋಲ್ಡರ್ ಕಣ್ಣಿಗೆ ಕಾಣಿಸಲ್ಲ ಅಷ್ಟೇ, ಹಿಂದೆ ಬರೆಯೋ ಕೆಲಸ ನಡೆಯುತ್ತಲೇ ಇರಬಹುದು.

ಇನ್ನು, ಯುಮೌಂಟ್ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಗಾಬರಿ ಬೇಡ. ರ‍್ಯಾಮ್‌ನಲ್ಲಿ ಉಳಿದ ಡೇಟಾ ಪೆನ್‌ಡ್ರೈವ್‌ಗೆ ಇಳಿಯುತ್ತಿರುತ್ತದೆ. ಪ್ರಾಂಪ್ಟ್ (ಮುಂದಿನ ಕಮಾಂಡ್‌ಗೆ ಕಾಯೋ ಸಾಲು) ವಾಪಸ್ ಬಂದ ಮೇಲೆ ಕೀಳಿ.