ಸೇಡಂನ ತಂಗಿಗೆ, ಲೆಸ್ಟರ್‌ನಿಂದ

ತಂಗಿ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ನರ್ಸ್ ಕೆಲಸ ಸಿಕ್ಕಿದೆ, ವಿಚ್ಛೇದನ ಆಗಿದೆ, ಏಳು ವರ್ಷದ ಮಗನನ್ನು ಕರಕೊಂಡು ಇಂಗ್ಲೆಂಡಿಗೆ ಬರುವವಳು. "ಅಲ್ಲಿನೂ ಮಂದಿ 'ಇವರಪ್ಪ ಎಲ್ಲಿ' ಅಂತ ಕೇಳ್ತಾರೇನ್ರಿ ಅಕ್ಕಾ?" ಅಂದಿದ್ದಿ.

ಕೇಳಂಗಿಲ್ಲ. ನಾನಿಲ್ಲಿಗೆ ಬಂದು ಹದಿನೇಳು ವರ್ಷ, ಅದರಲ್ಲಿ ಒಂಬತ್ತು ವರ್ಷ ಮಗಳನ್ನು ಒಬ್ಬಳೇ ಸಾಕಿದ್ದೇನೆ. ಇಡೀ ಬ್ರಿಟನ್ನಿನಲ್ಲಿ ಇಂಥ ಮನೆಗಳು ಸುಮಾರು 30 ಲಕ್ಷ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮನೆ ನಡೆಸುವವಳು ತಾಯಿ. ಮಗಳ ಶಾಲೆಯ ಫಾರ್ಮಿನಲ್ಲಿ ತಂದೆಯ ವಿವರ ಖಾಲಿ ಬಿಟ್ಟೆ, ಯಾರೂ ತಲೆ ಎತ್ತಿ ನೋಡಲಿಲ್ಲ. ಆದರೆ ಅದೇ ಫಾರ್ಮಿನಲ್ಲಿ ತುರ್ತಿಗೆ ಕರೆಯಲು ಎರಡು ಹೆಸರು ಕೇಳಿದ್ದರು. ನನ್ನ ಹೆಸರು ಬರೆದೆ. ಎರಡನೇ ಹೆಸರು ನನ್ನ ಹತ್ತಿರ ಇರಲಿಲ್ಲ.

ಆಗ ಅವ್ವ ನೆನಪಾದಳು. ನಮ್ಮಪ್ಪ ಬರಗಾಲದ ವರ್ಷ ಮುಂಬೈಗೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಕಲಬುರಗಿ, ಯಾದಗಿರಿ ಕಡೆ ಎಷ್ಟೋ ಹೆಣ್ಣುಮಕ್ಕಳು ಒಂಟಿಯಾದದ್ದು ಹೀಗೇ: ಗುಳೆ ಹೋದ ಗಂಡ, ಕುಡಿತ, ತೊಗರಿ ಕೈಕೊಟ್ಟ ವರ್ಷ ಸಾಲಕ್ಕೆ ಜೀವ ಕಳೆದುಕೊಂಡ ಗಂಡ. ಆದರೂ ಮಂದಿ ಆಡಿಕೊಂಡದ್ದು ಅವ್ವನನ್ನೇ, ಉಡಿ ತುಂಬಲು ಕರೆಯದೆ ಬಿಟ್ಟದ್ದೂ ಅವ್ವನನ್ನೇ. ಹಾಗಂತ ನನ್ನನ್ನು ಸಾಕಿದ್ದೂ ಅದೇ ಓಣಿ. ಅವ್ವ ನಸುಕಿನಾಗೇ ಖಾನಾವಳಿಗೆ ರೊಟ್ಟಿ ಬಡಿಯಲು ಹೋದರೆ, ಎದುರುಮನೆ ಆಯಿ ನನ್ನ ತಲೆ ಬಾಚಿ, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಸವರಿ, ಎಣ್ಣಿ ಬಿಟ್ಟು, ಸುರುಳಿ ಸುತ್ತಿ ಕೈಗೆ ಕೊಟ್ಟು ಸಾಲಿಗೆ ಕಳಿಸುತ್ತಿದ್ದಳು. ಸಂಜೆ ಕಟ್ಟಿ ಮೇಲೆ ಕೂತು ಅವ್ವನ ಬಗ್ಗೆ ಮಾತಾಡುತ್ತಿದ್ದವಳೂ ಆ ಆಯಿನೇ. ಎರಡೂ ಖರೆ.

ಇಲ್ಲಿ ಆಡಿಕೊಳ್ಳುವವರಿಲ್ಲ, ನಸುಕಿನಾಗ ಮಗುವನ್ನು ನೋಡಿಕೊಳ್ಳುವವರೂ ಇಲ್ಲ. ವಾರ್ಡಿನ ಪಾಳಿ ಏಳು, ಏಳೂವರೆಗೆ ಶುರು. ಶಾಲೆಯವರು ಮಕ್ಕಳನ್ನು ಬೇಗ ಸೇರಿಸಿಕೊಂಡರೂ ಬಹುತೇಕ ಕಡೆ ಎಂಟರ ಹೊತ್ತಾಗುತ್ತದೆ. ಆ ಒಂದು ತಾಸೇ ನನ್ನನ್ನು ಹಣ್ಣು ಮಾಡಿದ್ದು. ನೀನು ಮನೆ ಹುಡುಕುವ ಮೊದಲು ದುಡ್ಡು ತಗೊಂಡು ತಮ್ಮ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ನೋಂದಾಯಿತ ಚೈಲ್ಡ್‌ಮೈಂಡರ್ ಒಬ್ಬರನ್ನು ಹುಡುಕು. ಪಾಳಿ ಬದಲಿಸಿ ಅಂತ ಕೇಳಲು ನಾಚಬೇಡ: 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಬರವಣಿಗೆಯಲ್ಲಿ ಕೇಳುವ ಹಕ್ಕಿದೆ. ಅವರು ಒಪ್ಪಲೇಬೇಕೆಂದಿಲ್ಲ, ಆದರೆ ಕಾರಣ ಹೇಳದೆ ತಳ್ಳಿಹಾಕುವಂತಿಲ್ಲ.

ಕಾಗದಪತ್ರ ಊರಲ್ಲೇ ಸರಿಮಾಡಿಕೋ. ಒಬ್ಬಳೇ ಬರುವ ತಾಯಿಯ ಜೊತೆ ಮಗುವಿಗೆ ವೀಸಾ ಬೇಕಾದರೆ, ಮಗುವಿನ ಪೂರ್ತಿ ಹೊಣೆ ನಿನ್ನದೇ ಎಂದು ತೋರಿಸಬೇಕಾಗುತ್ತದೆ. ವಿಚ್ಛೇದನದ ತೀರ್ಪು ಒಂದೇ ಸಾಲದು, ಮಗು ನಿನ್ನ ಸುಪರ್ದಿಯಲ್ಲಿದೆ ಎಂಬ ಆದೇಶವೂ ಇರಲಿ. ಕನ್ನಡದಲ್ಲಿದ್ದರೆ ಇಂಗ್ಲಿಷ್‌ಗೆ ಪ್ರಮಾಣಿತ ಅನುವಾದ ಮಾಡಿಸು.

ಸರ್ಕಾರ ಒಂಟಿ ತಾಯಂದಿರಿಗೆ ದುಡ್ಡು ಕೊಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಲೆಕ್ಕ ಹಾಕಬೇಡ. ಕೆಲಸದ ವೀಸಾದವರಿಗೆ ಮಕ್ಕಳ ಭತ್ಯೆ ಚೈಲ್ಡ್ ಬೆನಿಫಿಟ್ ಆಗಲಿ, ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್ ಆಗಲಿ ಸಿಗಲ್ಲ. ಮನೆಯಲ್ಲಿ ವಯಸ್ಕಳು ನೀನೊಬ್ಬಳೇ ಆದರೆ ಊರಿನ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ, ಅಂದರೆ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಶೇ. 25 ಕಡಿತ ಸಿಗುತ್ತದೆ, ಅದನ್ನು ಮರೆಯದೆ ಕೇಳು. ಅಪ್ಪ ಇಲ್ಲದ ಮಕ್ಕಳು ದಾರಿ ತಪ್ಪುತ್ತಾರೆ ಅಂತ ಊರಲ್ಲಿ ಹೆದರಿಸುತ್ತಾರೆ. ನಾನು ಎರಡೂ ಕಡೆ ಕಂಡದ್ದು ಬೇರೆ: ಮನೆಗೆ ಬರುವುದು ಒಂದೇ ಸಂಬಳ, ರಾತ್ರಿ ಪಾಠ ಕೇಳಲು ಕೂರುವ ಹೊತ್ತಿಗೆ ಅವ್ವನಿಗೆ ಕಣ್ಣು ಎಳೆಯುವ ನಿದ್ದೆ. ಮಕ್ಕಳಿಗೆ ಪೆಟ್ಟು ಬೀಳುವುದು ಅಲ್ಲಿ.

ಇನ್ನೊಂದು. ಮಗನಿಗೆ ಅಪ್ಪನ ಬಗ್ಗೆ ಸುಳ್ಳು ಹೇಳಬೇಡ. "ಜಾತ್ರಿಗೆ ಬರ್ತಾನವ್ವ" ಅನ್ನುತ್ತಿದ್ದಳು ನನ್ನವ್ವ. ಹತ್ತು ವರ್ಷದವಳಾಗುವ ತನಕ ಶರಣಬಸವೇಶ್ವರರ ತೇರು ಎಳೆಯುವಾಗ ನಾನು ತೇರು ನೋಡಿದ್ದೇ ಇಲ್ಲ, ಗಂಡಸರ ಮುಖ ನೋಡುತ್ತಾ ನಿಲ್ಲುತ್ತಿದ್ದೆ.

ಯಾವ ಊರಿನ ಆಸ್ಪತ್ರೆ ಅಂತ ಬರಿ. ಲೆಸ್ಟರ್ ಹತ್ತಿರ ಆದರೆ, ಶಾಲೆಯ ಫಾರ್ಮಿನಲ್ಲಿ ಎರಡನೇ ಹೆಸರು ನನ್ನದೇ ಹಾಕು.