ಟ್ರಂಕಿನ ಸೀರೆ, ತಾತನ ಸಫಾರಿ

ಮನೆಯಲ್ಲಿರುವ ಹಳೇ ಬಟ್ಟೆಗಳನ್ನು ದಿನಬಳಕೆಗೆ ತರುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧ ಬಟ್ಟೆಯ ಬಗ್ಗೆ, ಇನ್ನರ್ಧ ಜನರ ಬಾಯಿಯ ಬಗ್ಗೆ. ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ನಮ್ಮ ಆಯಿ ಉಡತಿದ್ದ ಇಳಕಲ್ ಸೀರಿ ಮೂರು ಅದಾವ. ಬ್ಯಾಂಕಿನ ಕೆಲಸಕ್ಕ ಉಟ್ಕೊಂಡು ಹೋಗಬೇಕಂತ ಆಸೆ. ಒಂದರಾಗ ಸೆರಗು ಕೂಡೋ ಜಾಗಾ ಬಾಯಿ ಬಿಟ್ಟೈತಿ. ಇನ್ನೊಂದು ಒಂಬತ್ತು ಗಜದ್ದು, ಕತ್ತರಿಸಬಹುದೇನ್ರಿ? ತೊಳಿಯೂದು ಹೆಂಗ? — ಹುಬ್ಬಳ್ಳಿ

ಬಾಯಿ ಬಿಟ್ಟಿರುವುದು ಕೊಂಡಿ. ಇಳಕಲ್ ಸೀರೆಯ ಒಡಲಿನ ಹಾಸೇ (ಮಗ್ಗದ ಉದ್ದನೆಯ ಎಳೆಗಳೇ) ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಸೇರಿಸಿರುತ್ತಾರೆ. ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆ ಅಥವಾ ಚಮಕಾದ್ದಾಗಿದ್ದರೆ (ರೇಷ್ಮೆಯಂತೆ ಹೊಳೆಯುವ ಕೃತಕ ನೂಲು) ಎರಡೂ ಒಂದೇ ಹದದಲ್ಲಿ ಹಿಗ್ಗುವುದಿಲ್ಲ. ಹೀಗಾಗಿ ವರ್ಷಗಳ ಎಳೆದಾಟವೆಲ್ಲ ಆ ಒಂದು ಗೆರೆಯ ಮೇಲೆಯೇ ಬೀಳುತ್ತದೆ.

ರಿಪೇರಿ ಮನೆಯಲ್ಲೇ ಆಗುತ್ತದೆ. ಎರಡು ಮೂರು ಸಲ ಒಗೆದು ಕುಗ್ಗುವುದೆಲ್ಲ ಕುಗ್ಗಿ ಮುಗಿದ ಮಲ್‌ಮಲ್ ಬಟ್ಟೆಯಲ್ಲಿ ಎರಡೂವರೆ ಇಂಚು ಅಗಲದ ಪಟ್ಟಿ ಕತ್ತರಿಸಿ. ಉದ್ದ ಸೀರೆಯ ಪನ್ನೆಯಷ್ಟು (ಅಗಲದಷ್ಟು), ಜೊತೆಗೆ ಎರಡೂ ತುದಿಗೆ ಮಡಚಲು ಅರ್ಧರ್ಧ ಇಂಚು. ಅಂಚುಗಳನ್ನು ಕಾಲು ಇಂಚು ಒಳಗೆ ಮಡಚಿ, ಕೊಂಡಿಯ ಗೆರೆ ಪಟ್ಟಿಯ ನಡುವೆ ಬರುವಂತೆ ಸೀರೆಯ ಹಿಂಬದಿಗೆ ಇಟ್ಟು ಹತ್ತಿ ನೂಲಿನಲ್ಲಿ ಕೈಹೊಲಿಗೆ ಹಾಕಿ. ಹೊಲಿಗೆ ಗೆರೆಯಿಂದ ಎರಡೂ ಕಡೆ ಮುಕ್ಕಾಲು ಇಂಚಾದರೂ ಆಚೆ, ಗಟ್ಟಿ ಬಟ್ಟೆಯ ಮೇಲೆ ಬೀಳಬೇಕು. ದಾರ ಬಿಗಿ ಎಳೆದರೆ ಸೆರಗು ಸುಕ್ಕುಗಟ್ಟುತ್ತದೆ. ಟೇಲರ್ "ಮಷೀನಿನಲ್ಲಿ ಎರಡು ನಿಮಿಷದ ಕೆಲಸ" ಎಂದರೆ ಒಪ್ಪಬೇಡಿ. ಹಳೇ ಬಟ್ಟೆಯ ಮೇಲೆ ಮಷೀನಿನ ಸೂಜಿ ಅಂಚೆಚೀಟಿಯ ತೂತಿನ ಸಾಲು ಮಾಡಿಡುತ್ತದೆ, ಮುಂದಿನ ಸಲ ಅಲ್ಲೇ ಹರಿಯುತ್ತದೆ. ಸೆರಗನ್ನು ಗಿಡ್ಡ ಬಿಟ್ಟು ಪಿನ್ ಮಾಡುವವರಿಗೆ ಕೊಂಡಿ ಭುಜದ ಹತ್ತಿರವೇ ಬರುತ್ತದೆ. ಒಂದು ಗೇಣು ಉದ್ದ ಬಿಟ್ಟು ಪಿನ್ನನ್ನು ಗೆರೆಯಿಂದ ದೂರ ಇಡಿ.

ಒಂಬತ್ತು ಗಜ ಎಂದರೆ ಸುಮಾರು 8.2 ಮೀಟರ್, ಆರು ಗಜ 5.5 ಮೀಟರ್. ಕತ್ತರಿಸಿದರೆ 2.7 ಮೀಟರ್ ಉಳಿಯುತ್ತದೆ. ಕತ್ತರಿ ಹಾಕುವ ಮೊದಲು ಇಡೀ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪಿಸಿದ ಜಾಗಗಳನ್ನು ಗುರುತು ಮಾಡಿ. ಕಚ್ಚೆ ಹಾಕಿ ಉಡುತ್ತಿದ್ದ ಸೀರೆಯಾದರೆ ಕೂರುವ ಜಾಗ ಸವೆದಿರುವುದೇ ಹೆಚ್ಚು. ಸವೆದದ್ದು ಒಳತುದಿಯ ಕಡೆಗಿದ್ದರೆ ಆ ಕಡೆಯಿಂದ ತೆಗೆಯಿರಿ, ಚೆನ್ನಾಗಿರುವ ತುಂಡಿನಲ್ಲಿ ಒಂದು ಕುಪ್ಪಸ ಆದೀತು. ಸವೆತ ನಟ್ಟನಡುವೆ ಇದ್ದರೆ ಕತ್ತರಿಸಿ ಪ್ರಯೋಜನವಿಲ್ಲ, ಅಲ್ಲಿ ರಫೂ ಮಾಡಿಸಿ. ಸೀರೆ ಪೂರ್ತಿ ಗಟ್ಟಿಯಿದ್ದರೆ ಕತ್ತರಿಸುವ ಅಗತ್ಯವೇ ಇಲ್ಲ. ಸೊಂಟಕ್ಕೆ ಒಂದು ಸುತ್ತು ಹೆಚ್ಚು ಸುತ್ತಿ, ಉಳಿದದ್ದನ್ನು ನಿರಿಗೆಗೆ ಹಾಕಿದರೆ ಸರಿಹೋಗುತ್ತದೆ. ಹೊಟ್ಟೆಯ ಹತ್ತಿರ ತುಸು ದಪ್ಪ ಕಂಡೀತು, ಅಷ್ಟೇ.

ತೊಳೆಯುವಾಗ ಇರುವ ನಿಜವಾದ ಅಪಾಯ ತೋಪ್ ತೆನಿ ಸೆರಗಿನದು, ಅಂದರೆ ಇಳಕಲ್‌ನ ಕೆಂಪು-ಬಿಳಿ ವಿನ್ಯಾಸದ ಸೆರಗಿನದು. ಕೆಂಪು ಬಿಟ್ಟರೆ ಪಕ್ಕದ ಬಿಳಿ ಗುಲಾಬಿಯಾಗುತ್ತದೆ, ಮತ್ತೆ ಬಿಳಿಯಾಗುವುದು ಕಷ್ಟ. ಒದ್ದೆ ಬಿಳಿ ಬಟ್ಟೆಯನ್ನು ಸೆರಗಿನ ಮೂಲೆಗೆ ಐದು ನಿಮಿಷ ಒತ್ತಿ ನೋಡಿ. ಬಣ್ಣ ಹತ್ತಿದರೆ ಡ್ರೈಕ್ಲೀನಿಂಗ್‌ಗೆ ಕೊಡಿ. ಹತ್ತದಿದ್ದರೆ ತಣ್ಣೀರಿನಲ್ಲಿ, ಅಂಟುವಾಳದ ತಿಳಿ ರಸದಲ್ಲಿ ಎರಡೇ ನಿಮಿಷ ಆಡಿಸಿ ತೆಗೆದು ಕೂಡಲೇ ನೆರಳಲ್ಲಿ ಹರವಿ. ನೆನೆಸಿಡಬಾರದು, ಒದ್ದೆಯದನ್ನು ಬಕೆಟ್ಟಿನಲ್ಲಿ ಮುದ್ದೆ ಮಾಡಿಯೂ ಇಡಬಾರದು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನೆಚ್ಚಬೇಡಿ. ಇನ್ನೊಂದು: ಚಮಕಾ ಎಂದರೆ ರೇಯಾನ್ ನೂಲು. ಒದ್ದೆಯಾದಾಗ ಅದರ ಬಲ ಅರ್ಧದಷ್ಟು ಇಳಿದುಹೋಗುತ್ತದೆ, ಆದ್ದರಿಂದ ಹಿಂಡಲೇಬಾರದು. ಸೆರಗಿನ ಗೊಂಡೆಯಿಂದ ಒಂದು ಎಳೆ ತೆಗೆದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟಂತಿದ್ದರೆ ಚಮಕಾ.

ವಾರಕ್ಕೊಮ್ಮೆ ಆಫೀಸಿಗೆ ಅಮ್ಮನ ಹಳೇ ಸೀರೆ ಉಟ್ಟು ಹೋಗ್ತೀನಿ. "ಇವತ್ತೇನು ಹಬ್ಬಾನಾ?", "ಯಾಕೋ ಆಂಟಿ ಥರ ಕಾಣ್ತಿದೀಯ" ಅಂತಾರೆ. ಏನು ಉತ್ತರ ಕೊಡಲಿ? — ಬೆಂಗಳೂರು

ಮೊದಲನೆಯದಕ್ಕೆ "ಇಲ್ಲ, ಮಂಗಳವಾರ" ಸಾಕು. ಎರಡನೆಯದಕ್ಕೆ ಉತ್ತರ ಬೇಡ, ಕುಪ್ಪಸ ನೋಡಿಕೊಳ್ಳಿ. ಹಳೇ ಸೀರೆಗೆ ಮೈಗೆ ಕೂರದ ಕುಪ್ಪಸ, ಹಿಮ್ಮಡಿಯಿಂದ ಮೂರಿಂಚು ಮೇಲಿರುವ ಲಂಗ, ಇಸ್ತ್ರಿ ಕಾಣದ ನಿರಿಗೆ: ಈ ಮೂರು ಸೇರಿದಾಗಲೇ ಆ ಮಾತು ಬರುವುದು. ಇಸ್ತ್ರಿಯಿಲ್ಲದ ಹೊಸ ಸೀರೆಯನ್ನು ಜನ ಸಹಿಸುತ್ತಾರೆ, ಹಳೆಯದನ್ನು ಸಹಿಸುವುದಿಲ್ಲ. ಅನ್ಯಾಯವೇ, ಆದರೆ ಇರುವುದು ಹಾಗೆ. ವಾರಕ್ಕೊಮ್ಮೆ ಉಟ್ಟರೆ ಪ್ರತಿ ಸಲವೂ ಸುದ್ದಿ. ಎರಡು ಮೂರು ದಿನ ಉಡತೊಡಗಿದರೆ ಅವರ ಕಣ್ಣಿಗೂ ರೂಢಿಯಾಗುತ್ತದೆ. "ಚೆನ್ನಾಗಿದೆ, ಒಂದು ಸಲ ಉಟ್ಟು ಕೊಡ್ತೀನಿ ಕಣೇ" ಎನ್ನುವವರಿಗೆ ಮಾತ್ರ ನಗುತ್ತಲೇ ಇಲ್ಲ ಎನ್ನಿ. ಪಿಸಿದ ಜಾಗ ಎಲ್ಲಿದೆಯೆಂದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ಮಾತಿಗಿಂತ ಹೆಚ್ಚು ಹಾನಿ ಮಾಡುವುದು ಆಫೀಸಿನ ಸಾಮಾನುಗಳು. ಐಡಿ ಕಾರ್ಡಿನ ಕ್ಲಿಪ್ಪು ಎದೆಯ ಮೇಲಿನ ಎಳೆ ಎಳೆಯುತ್ತದೆ. ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಎಡಭುಜದಲ್ಲಿ ಉಜ್ಜಿ ಸೆರಗು ಸವೆಸುತ್ತದೆ, ಬಲಕ್ಕೆ ಹಾಕಿ ಅಥವಾ ಕೈಯಲ್ಲಿ ಹಿಡಿಯಿರಿ. ಗಾಲಿ ಕುರ್ಚಿಯ ಚಕ್ರಕ್ಕೆ ಸೆರಗು ಸಿಕ್ಕಿದ್ದು ತಿಳಿಯದೆ ಎದ್ದರೆ ಒಂದೇ ಎಳೆತಕ್ಕೆ ಸೀರೆಯ ಕತೆ ಮುಗಿಯಿತು, ಕೂತ ತಕ್ಷಣ ಸೆರಗನ್ನು ಮಡಿಲಿಗೆ ತಂದುಕೊಳ್ಳಿ. ಡಿಯೋಡರೆಂಟ್, ಸೆಂಟು ಉಡುವ ಹತ್ತು ನಿಮಿಷ ಮೊದಲೇ ಮುಗಿದಿರಲಿ.

ಅತ್ತೆಯವರ ಮೈಸೂರು ರೇಷ್ಮೆ ಸೀರೆ 1970ರ ಸುಮಾರಿನದು. ಕೆಎಸ್‌ಐಸಿ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಗುರುತಿಲ್ಲ, ಡೂಪ್ಲಿಕೇಟು ಅಂತ ಪಕ್ಕದ ಮನೆಯವರು ಹೇಳಿದರು. ಮಡಿಕೆಯ ಗೆರೆಗಳು ಬಿಳಿಚಿವೆ. ಅಂಗಡಿಯವರು ರೋಲ್ ಪಾಲಿಶ್ ಮಾಡಿಸಿ ಅಂತಾರೆ. ಅದರ ಕುಪ್ಪಸವೂ ಬಿಗಿ. — ಮೈಸೂರು

ಗುರುತು ಇಲ್ಲದಿರುವುದೇ ಸರಿ. ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಶುರುವಾದದ್ದು. ಕೆಎಸ್‌ಐಸಿಗೆ ಸೇರಿದ್ದು 1980ರಲ್ಲಿ. ಅದಕ್ಕೂ ಮೊದಲಿನ ಸೀರೆಯ ಮೇಲೆ ಅದರ ಹೆಸರು ಎಲ್ಲಿಂದ ಬರಬೇಕು? ಪಕ್ಕದ ಮನೆಯವರಿಗೆ ಇಸವಿ ಹೇಳಿ, ಕಾಫಿ ಕೊಡಿ.

ಬಿಳಿಚಿದ ಗೆರೆಯನ್ನು ಪರೀಕ್ಷಿಸುವುದು ಹೀಗೆ: ಗೆರೆಯ ಎರಡೂ ಬದಿಗೆ ಒಂದೊಂದು ಇಂಚು ಬಿಟ್ಟು ಹೆಬ್ಬೆರಳುಗಳಿಂದ ಹಿಡಿದು ಮೆತ್ತಗೆ ಎಳೆಯಿರಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಬಾಚಣಿಗೆಯ ಹಲ್ಲಿನಂತೆ ಎಳೆಗಳು ಬಿಡಿಬಿಡಿಯಾಗಿ ಕಂಡರೆ ರೇಷ್ಮೆ ಅಲ್ಲಿ ಮುರಿಯತೊಡಗಿದೆ. ದಶಕಗಳ ಕಾಲ ಒಂದೇ ಕಡೆ ಬಾಗಿ, ಮೇಲಿಂದ ಜರಿಯ ಭಾರ ಬಿದ್ದ ಪರಿಣಾಮ ಅದು. ಅಂಥ ಸೀರೆಗೆ ರೋಲ್ ಪಾಲಿಶ್ ಬೇಡವೇ ಬೇಡ. ಅಲ್ಲಿ ಸೀರೆಯನ್ನು ರೋಲಿಗೆ ಬಿಗಿಯಾಗಿ ಎಳೆದು ಗಂಜಿ, ಶಾಖ ಕೊಡುತ್ತಾರೆ. ಮನೆಗೆ ಬಂದಾಗ ಹೊಸದರಂತೆ ಮಿರುಗುತ್ತದೆ, ಎರಡನೇ ಸಲ ಉಡುವಾಗ ಗೆರೆಗುಂಟ ಸೀಳುತ್ತದೆ. ಸೀಳು ಒಂದೆರಡು ಕಡೆ ಮಾತ್ರ ಇದ್ದರೆ ಅದೇ ಬಣ್ಣದ ತೆಳು ರೇಷ್ಮೆಯ ತುಂಡನ್ನು ಹಿಂದೆ ಕೊಟ್ಟು ರಫೂ ಮಾಡಿಸಿ, ಆ ಭಾಗ ಒಳಸುತ್ತಿಗೆ ಹೋಗುವಂತೆ ಉಡಿ. ಮೈಸೂರು ರೇಷ್ಮೆಯಂಥ ಕ್ರೇಪ್ ಸೀರೆಯನ್ನು ಮನೆಯಲ್ಲಿ ನೀರಿಗೆ ಹಾಕಬೇಡಿ. ಅದರ ನೂಲಿಗೆ ಬಿಗಿ ಹುರಿ ಇರುತ್ತದೆ, ನೀರು ಕುಡಿದ ಕೂಡಲೇ ಸೆಟೆದು ಕುಗ್ಗುತ್ತದೆ. ಸೇಫ್ಟಿ ಪಿನ್ನಿನ ಸುರುಳಿಗೆ ಒಂದು ಚಿಕ್ಕ ಮಣಿ ಪೋಣಿಸಿದರೆ ಎಳೆಗಳು ಸುರುಳಿಯೊಳಗೆ ಸಿಕ್ಕಿಕೊಳ್ಳುವುದಿಲ್ಲ.

ಕುಪ್ಪಸ ಬಿಚ್ಚಿ ನೋಡಿ. ಪಕ್ಕದ ಹೊಲಿಗೆಯಲ್ಲಿ ಮುಂಭಾಗ, ಹಿಂಭಾಗ ಎರಡರಲ್ಲೂ ಒಂದೊಂದು ಇಂಚು ಮಾರ್ಜಿನ್ ಇದ್ದರೆ, ಅರ್ಧರ್ಧ ಇಂಚು ಉಳಿಸಿ ಬಿಟ್ಟರೂ ನಾಲ್ಕು ಕಡೆಯಿಂದ ಒಟ್ಟು ಎರಡು ಇಂಚು ಸಿಗುತ್ತದೆ. ಒಳಗಿದ್ದ ಬಟ್ಟೆಯ ಬಣ್ಣ ಹೊರಗಿನದಕ್ಕಿಂತ ಗಾಢ ಕಾಣುತ್ತದೆ, ಆದರೆ ಅದು ತೋಳಿನಡಿ ಮರೆಯಾಗುತ್ತದೆ. ಬಗಲು ಬೆವರಿಗೆ ಲಡ್ಡಾಗಿದ್ದರೆ ಎಷ್ಟು ಬಿಚ್ಚಿದರೂ ಅಷ್ಟೇ, ಹೊಸ ಕುಪ್ಪಸ ಹೊಲಿಸಿ. ಹಳೇ ಕಬ್ಬಿಣದ ಹುಕ್ಕುಗಳನ್ನಂತೂ ಮೊದಲೇ ಕಿತ್ತುಬಿಡಿ, ತುಕ್ಕು ಸೀರೆಗೂ ಹತ್ತುತ್ತದೆ.

ತಾತನ ಟೆರಿಕಾಟ್ ಸಫಾರಿ, ಬೆಲ್‌ಬಾಟಮ್ ಸಿಕ್ಕಿದೆ. ಕಾಲೇಜಿಗೆ ಹಾಕ್ಕೊಂಡು ಹೋದ್ರೆ "ಫ್ಯಾನ್ಸಿ ಡ್ರೆಸ್ಸಾ ಮಗಾ" ಅಂತ ಗೋಳು ಹುಯ್ಕೊಂಡ್ರು. — ತುಮಕೂರು

ಎರಡನ್ನೂ ಒಟ್ಟಿಗೆ ಹಾಕಿದ್ದೀರಿ, ಅದಕ್ಕೇ. ಒಂದು ದಿನಕ್ಕೆ ಒಂದೇ ಹಳೇ ಬಟ್ಟೆ. ಸಫಾರಿ ಅಂಗಿಗೆ ಮಾಮೂಲಿ ಜೀನ್ಸು, ಬೆಲ್‌ಬಾಟಮ್ಮಿಗೆ ಸಾದಾ ಟೀ ಶರ್ಟು. ಸಫಾರಿಯಲ್ಲಿ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆಯ ತುದಿಗೆ ಬರುತ್ತದೆಯೇ ನೋಡಿ. ಒಂದಿಂಚು ಕೆಳಗೆ ಜಾರಿದ್ದರೆ ಟೇಲರ್ ಏನು ಮಾಡಿದರೂ ಎರವಲು ತಂದದ್ದರಂತೆಯೇ ಕಾಣುತ್ತದೆ. ಸೊಂಟ, ತೋಳಿನುದ್ದ ಸುಲಭವಾಗಿ ಸರಿಯಾಗುತ್ತವೆ. ಭುಜ ಹಾಗಲ್ಲ, ತೋಳು ಕಾಲರ್ ಎಲ್ಲ ಬಿಚ್ಚಬೇಕು.

ಪ್ಯಾಂಟಿನ ಉದ್ದ ಬಿಚ್ಚುವ ಮುನ್ನ ಯೋಚಿಸಿ. ಟೆರಿಕಾಟ್‌ನಲ್ಲಿ ಪಾಲಿಯೆಸ್ಟರ್ ಇರುವುದರಿಂದ ಇಸ್ತ್ರಿಯ ಶಾಖಕ್ಕೆ ಕೂತ ಹಳೇ ಮಡಿಕೆಯ ಗೆರೆ ಸುಲಭಕ್ಕೆ ಹೋಗುವುದಿಲ್ಲ. ಆ ಗೆರೆಯ ಮೇಲೆ ಬರುವಂತೆ ಒಂದು ಸಾಲು ಹೊಲಿಗೆ ಹಾಕಿಸಿದರೆ ಅದು ವಿನ್ಯಾಸವೆಂದೇ ನಡೆದುಹೋಗುತ್ತದೆ. ಮೈಯೆಣ್ಣೆಯನ್ನು ಪಾಲಿಯೆಸ್ಟರ್ ಬಿಡದೆ ಹಿಡಿದಿಡುವುದರಿಂದ ಒಗೆದ ಮೇಲೂ ಬೆವರಿನ ವಾಸನೆ ಉಳಿಯುತ್ತದೆ. ಅರ್ಧ ಬಕೆಟ್ ನೀರಿಗೆ ಅರ್ಧ ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು.

ಮಳೆಗಾಲ ಮುಗಿದ ಮೇಲೆ ಪೆಟ್ಟಿಗೆ ತೆಗೆದರೆ ಸೀರೆಗಳ ಮೇಲೆ ಬೂಷ್ಟು, ಜೊತೆಗೆ ಡಾಂಬರ್ ಗುಳಿಗೆಯ ಘಾಟು. ಮಗಳ ಬಾಣಂತನಕ್ಕೆ ಹಳೇ ಹತ್ತಿ ಸೀರೆ ಬೇಕಾಗಿತ್ತು. — ಸಾಗರ

ಬಾಣಂತನದ ವಿಷಯ ಮೊದಲು. ಆ ಘಾಟು ಇರುವ ಬಟ್ಟೆಯಲ್ಲಿ ಕೂಸನ್ನು ಸುತ್ತಬೇಡಿ. ಡಾಂಬರ್ ಗುಳಿಗೆ ಎಂದರೆ ನ್ಯಾಫ್ತಲೀನ್. ಜಿ6ಪಿಡಿ ಕೊರತೆಯಿರುವ (ರಕ್ತಕಣಗಳನ್ನು ಕಾಯುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುವ) ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು, ಕೂಸಿಗೆ ಆ ಕೊರತೆ ಇದೆಯೇ ಎಂದು ನೋಡಿದರೆ ತಿಳಿಯುವುದಿಲ್ಲ. ಬರೀ ಒಗೆದರೆ ಸಾಲದು. ಹಲವು ದಿನ ಗಾಳಿಗೆ ಹರವಿ, ಬಿಸಿನೀರಿನಲ್ಲಿ ಸೋಪು ಹಾಕಿ ಎರಡು ಸಲ ಒಗೆದು, ಬಿಸಿಲಲ್ಲಿ ಒಣಗಿಸಿ, ಮೂಗಿಗೆ ಹಿಡಿದಾಗ ಏನೂ ಬಾರದಿದ್ದರೆ ಸರಿ. ಅನುಮಾನವಿದ್ದರೆ ಗುಳಿಗೆ ಕಾಣದ ಬೇರೆ ಸೀರೆ ಹುಡುಕಿ.

ಬೂಷ್ಟನ್ನು ಮನೆಯೊಳಗೆ ಕೊಡವಬೇಡಿ. ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್‌ನಲ್ಲಿ ತೆಗೆಯಿರಿ. ರೇಷ್ಮೆಯಾದರೆ ಒಳಮಗ್ಗುಲು ಮೇಲೆ ಮಾಡಿ ಬೆಳಗಿನ ಎಳೆಬಿಸಿಲಿಗೆ ಇಪ್ಪತ್ತು ನಿಮಿಷ ಸಾಕು. ಪೆಟ್ಟಿಗೆಗೆ ಹಿಂತಿರುಗಿಸುವಾಗ ಹತ್ತಿ ಸೀರೆಯ ಗಂಜಿ ಪೂರ್ತಿ ಹೋಗುವಂತೆ ಒಗೆದಿಡಿ, ಬೆಳ್ಳಿಮೀನು ಹುಳು ಬರುವುದೇ ಗಂಜಿಗೆ. ನ್ಯೂಸ್‌ಪೇಪರ್, ಪ್ಲಾಸ್ಟಿಕ್ ಬೇಡ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ತೀರಿಕೊಂಡವರ ಸೀರೆ ಉಡಬಾರದು ಅಂತ ಅತ್ತೆ ಬೇಡ ಅಂತಾರೆ. ಅಜ್ಜಿಯ ಸೀರೆಗಳು ಹಾಗೇ ಕೊಳೀತಿವೆ. — ದಾವಣಗೆರೆ

ವಾದ ಮಾಡಿ ಗೆಲ್ಲುವ ವಿಷಯವಲ್ಲ. ಸೀರೆಗಳನ್ನೆಲ್ಲ ಅವರ ಮುಂದೆ ಹರವಿ, ಯಾವುದು ಯಾವಾಗ ಬಂದದ್ದು ಎಂದು ಕೇಳಿ. ಕೊನೆಗಾಲದಲ್ಲಿ ಉಟ್ಟದ್ದನ್ನು ಬೇರೆ ತೆಗೆದಿಡಲು ಅವರಿಗೇ ಹೇಳಿ. ಉಳಿದವುಗಳಲ್ಲಿ ಒಂದನ್ನು ಅವರ ಕೈಯಿಂದಲೇ ಇಸಿದುಕೊಂಡರೆ ಎಷ್ಟೋ ಮನೆಗಳಲ್ಲಿ ಬಿಗಿ ಸಡಿಲಾಗುತ್ತದೆ. ಅದೂ ಆಗದಿದ್ದರೆ ಕೌದಿ ಹೊಲಿಸಿ, ಅದಕ್ಕೆ ಯಾರ ತಕರಾರೂ ಇರುವುದು ಕಡಿಮೆ.

ಹಳೇ ಜರಿ ಸೀರೆ ಕೊಳ್ಳುವವರಿಗೆ ಕೊಟ್ಟುಬಿಡಲೇ? ನಿಜವಾದ ಜರಿ ಅಂತ ತಿಳಿಯುವುದು ಹೇಗೆ? — ಮಂಡ್ಯ

ಅವರು ಕೊಡುವುದು ಜರಿಯಲ್ಲಿರುವ ಬೆಳ್ಳಿಯ ಬೆಲೆ, ಸೀರೆಯದಲ್ಲ. ತುದಿಯ ಒಂದು ಎಳೆಯನ್ನು ಉಗುರಿನಿಂದ ಕೆರೆಯಿರಿ. ಚಿನ್ನದ ಬಣ್ಣದ ಕೆಳಗೆ ಬಿಳಿ ಲೋಹ ಕಂಡರೆ ಬೆಳ್ಳಿ, ಕೆಂಪು ಲೋಹ ಕಂಡರೆ ತಾಮ್ರ. ಒಳಗಿನ ದಾರ ಕೆಂಪಗಿದ್ದರೆ ಮೋಸಹೋಗಬೇಡಿ, ಅಸಲಿ ಜರಿಯ ತಿರುಳು ಕೆಂಪು ರೇಷ್ಮೆಯದೇ. ಜರಿ ಕಪ್ಪಾಗಿದೆಯೆಂದು ಹುಣಸೆಹಣ್ಣು, ಟೂತ್‌ಪೇಸ್ಟು ಹಾಕಿ ತಿಕ್ಕಿದರೆ ತೆಳುವಾದ ಚಿನ್ನದ ಲೇಪ ಹೊರಟುಹೋಗುತ್ತದೆ. ಕಪ್ಪು ಕಪ್ಪಾಗಿಯೇ ಇರಲಿ. ಒಡಲು ಹರಿದಿದ್ದರೂ ಅಂಚು ಗಟ್ಟಿಯಿದ್ದರೆ ಬಿಡಿಸಿ ಸಾದಾ ಸೀರೆಗೆ ಕೈಹೊಲಿಗೆಯಲ್ಲಿ ಕೂರಿಸಬಹುದು. ಮಾರುವುದಾದರೆ ಅಂಚನ್ನು ಬೇರ್ಪಡಿಸಿಯೇ ತೂಕಕ್ಕೆ ಹಾಕಿ, ಒಡಲಿನ ರೇಷ್ಮೆ ನಿಮ್ಮಲ್ಲೇ ಉಳಿಯಲಿ.